ಆರ್ಟ್ ಫ್ಲೆಮಿಂಗ್: ಅಳಿಸಿಹೋದ ಒಂದು ಕಾಯಕ

ಕವಿಯು ಗತಿಸಿದರೂ ಕಾವ್ಯ ಉಳಿಯುತ್ತದೆ. ಶಿಲ್ಪಿಯು ಮಡಿದರೂ ಮೂರ್ತಿ ನಿಲ್ಲುತ್ತದೆ. ಆದರೆ ಬದುಕಿರುವಾಗಲೇ ತನ್ನ ದುಡಿಮೆಯ ಗುರುತು ಅಳಿಸಿಹೋದವನ ಪಾಡೇನು? ಅಮೆರಿಕದ ಟೆಲಿವಿಷನ್ನಿನಲ್ಲಿ ‘ಜೆಪರ್ಡಿ’ ಎಂಬ ರಸಪ್ರಶ್ನೆಯ ಆಟವನ್ನು ಮೊದಲು ನಡೆಸಿಕೊಟ್ಟ ಆರ್ಟ್ ಫ್ಲೆಮಿಂಗ್ ಅವರ ಜೀವನ ಇಂಥದೊಂದು ಕಥೆ.

ಫ್ಲೆಮಿಂಗ್ ಅವರು 1924ರ ಮೇ 1ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಆಸ್ಟ್ರಿಯದಿಂದ ವಲಸೆ ಬಂದ ನರ್ತಕ ದಂಪತಿಗಳು. ಮಗನು ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಸಲ್ಲಿಸಿ, ಅನಂತರ ಬಾನುಲಿಯಲ್ಲಿ ಉದ್ಘೋಷಕರಾದರು; ನಟರೂ ಆದರು. ಎತ್ತರದ ನಿಲುವು, ಗಂಭೀರವಾದ ಕಂಠ ಅವರ ಆಸ್ತಿಯಾಗಿದ್ದವು.

ಆ ಕಾಲದಲ್ಲಿ ರಸಪ್ರಶ್ನೆಯ ಆಟಗಳಿಗೆ ಕಳಂಕ ತಟ್ಟಿತ್ತು. ಕೆಲವು ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ಗುಟ್ಟಾಗಿ ಹೇಳಿಕೊಡುತ್ತಿದ್ದುದು ಬಯಲಾಗಿ, 1959ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೇ ವಿಚಾರಣೆ ನಡೆಸಿತು. ಜನರ ನಂಬಿಕೆ ಮುರಿದುಬಿದ್ದಿತು. ಆಗ ಮರ್ವ್ ಗ್ರಿಫಿನ್ ಅವರ ಪತ್ನಿ ಜೂಲನ್ ಅವರಿಗೆ ಒಂದು ಉಪಾಯ ಹೊಳೆಯಿತು: ಉತ್ತರವನ್ನು ಎಲ್ಲರೆದುರಿಗೇ ಕೊಟ್ಟು, ಪ್ರಶ್ನೆಯನ್ನು ಕೇಳಿದರೆ ಹೇಗೆ? 5,280 ಎಂದು ಕೊಟ್ಟರೆ, ಒಂದು ಮೈಲಿಗೆ ಎಷ್ಟು ಅಡಿ ಎಂಬ ಪ್ರಶ್ನೆಯನ್ನು ಸ್ಪರ್ಧಿಯು ಹೇಳಬೇಕು. ಹೀಗೆ ಹುಟ್ಟಿದ ಆಟಕ್ಕೆ ಗ್ರಿಫಿನ್ನರು ಫ್ಲೆಮಿಂಗ್ ಅವರನ್ನು ಆರಿಸಿಕೊಂಡರು.

1964ರ ಮಾರ್ಚ್ 30ರಂದು ಎನ್.ಬಿ.ಸಿ. ವಾಹಿನಿಯಲ್ಲಿ ಆಟ ಮೊದಲಾಯಿತು. ಬಹುಮಾನದ ಮೊತ್ತ ಅಲ್ಪ. ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ 10ರಿಂದ 50 ಡಾಲರು ಮಾತ್ರ. ಹಣಕ್ಕಿಂತ ತಿಳಿವಳಿಕೆಗೇ ಅಲ್ಲಿ ಮಾನ. ಮಧ್ಯಾಹ್ನ ಹನ್ನೆರಡಕ್ಕೆ ಪ್ರಸಾರವಾಗತೊಡಗಿದ ಮೇಲೆ ಊಟದ ಬಿಡುವಿನಲ್ಲಿದ್ದ ಕಚೇರಿಯ ನೌಕರರೂ ಕಾಲೇಜು ವಿದ್ಯಾರ್ಥಿಗಳೂ ಅದಕ್ಕೆ ಮುಗಿಬಿದ್ದರು. ಫ್ಲೆಮಿಂಗ್ ಅವರ ಹೆಸರು ಮನೆಮಾತಾಯಿತು.

ಏರಿದ್ದು ಇಳಿಯಲೇಬೇಕಲ್ಲವೆ? 1974ರಲ್ಲಿ ವಾಹಿನಿಯವರು ಆಟವನ್ನು ಬೆಳಗಿನ ಹತ್ತೂವರೆಗೆ ಸರಿಸಿದರು. ಆ ಹೊತ್ತಿನಲ್ಲಿ ನೌಕರನು ಕಚೇರಿಯಲ್ಲಿ, ವಿದ್ಯಾರ್ಥಿಯು ತರಗತಿಯಲ್ಲಿ! ನೋಡುಗರು ಚದುರಿದರು. ಅದೇ ವರ್ಷ ಮತ್ತೊಮ್ಮೆ ಹೊತ್ತು ಬದಲಾಯಿತು. 1975ರ ಜನವರಿ 3ರಂದು, 2,753 ಕಂತುಗಳ ಬಳಿಕ, ಆಟ ನಿಂತಿತು. 1978ರ ಅಕ್ಟೋಬರಿನಲ್ಲಿ ಫ್ಲೆಮಿಂಗ್ ಅವರ ನೇತೃತ್ವದಲ್ಲೇ ಮರಳಿ ಬಂದರೂ ಐದೇ ತಿಂಗಳಲ್ಲಿ ಮುಗಿಯಿತು.

ಇದಕ್ಕಿಂತ ದೊಡ್ಡ ನಷ್ಟ ತೆರೆಯ ಹಿಂದೆ ನಡೆದಿತ್ತು. ಎರಡು ಅಂಗುಲ ಅಗಲದ ವಿಡಿಯೋ ಟೇಪು ಆಗ ಬಲು ದುಬಾರಿ. ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸಬಹುದಿತ್ತು. ಹಗಲಿನ ಆಟವನ್ನು ಮತ್ತೆ ಯಾರು ನೋಡಿಯಾರು ಎಂಬ ಲೆಕ್ಕಾಚಾರದಲ್ಲಿ ಸಾವಿರಾರು ಕಂತುಗಳು ಅಳಿಸಿಹೋದವು. ಉಳಿದವು ತೀರ ಕೆಲವು ಮಾತ್ರ. ಆಟದ ಆಸ್ತಿಯಾಗಿದ್ದ ಟೇಪು ಉಳಿಯಿತು. ಟೇಪಿನ ಮೇಲಿದ್ದ ಮನುಷ್ಯ ಉಳಿಯಲಿಲ್ಲ.

1984ರಲ್ಲಿ ಆಟವು ಹೊಸ ರೂಪದಲ್ಲಿ ಬಂದಾಗ ಅಲೆಕ್ಸ್ ಟ್ರೆಬೆಕ್ ಅವರು ಅದನ್ನು ವಹಿಸಿಕೊಂಡರು. 2020ರಲ್ಲಿ ಕಾಲವಾಗುವವರೆಗೂ ನಡೆಸಿದರು. ಹೊಸ ತಲೆಮಾರಿಗೆ ಜೆಪರ್ಡಿ ಎಂದರೆ ಟ್ರೆಬೆಕ್ಕರೇ ಆದರು. ಫ್ಲೆಮಿಂಗ್ ಅವರಾದರೋ ಸೇಂಟ್ ಲೂಯಿಸ್ ನಗರದ ಬಾನುಲಿಯಲ್ಲಿ ಅನೇಕ ವರ್ಷ ಕೇಳುಗರೊಡನೆ ಹರಟುತ್ತ ದುಡಿದರು. 1995ರ ಏಪ್ರಿಲ್ 25ರಂದು ಫ್ಲಾರಿಡಾದಲ್ಲಿ ಕ್ಯಾನ್ಸರಿನಿಂದ ನಿಧನರಾದರು.

ಟೇಪುಗಳನ್ನು ಅಳಿಸಿದವರು ದುಷ್ಟರಲ್ಲ, ಮಿತವ್ಯಯಿಗಳು. ಅಂದಿನ ಲೆಕ್ಕಕ್ಕೆ ಅದು ವಿವೇಕವೇ ಆಗಿತ್ತು. ಇಂದು ನಾವು ಮೊಬೈಲಿನಲ್ಲಿ ಜಾಗ ಸಾಲದೆಂದು ಅಜ್ಜಿ ಹಾಡಿದ ಸೋಬಾನೆ ಪದವನ್ನು ಅಳಿಸುವಾಗಲೂ ಅದೇ ವಿವೇಕವಲ್ಲವೆ? ಯಾವುದು ಅಮೂಲ್ಯವೆಂಬುದನ್ನು ಇಂದಿನ ಬೆಲೆಯಿಂದ ಅಳೆಯಲಾಗದು. ಉಳಿಸಿದ್ದನ್ನು ಮುಂದೆ ಅಳಿಸಬಹುದು. ಅಳಿಸಿದ್ದನ್ನು ಮತ್ತೆ ಉಳಿಸಲು ಬಾರದು.