ವೋಲ್ಟೇಜ್ ಏರಿಸಿದರೆ ಸಂದೇಶ ಬೇಗ ತಲುಪುತ್ತದೆಯೇ? ಲಾರ್ಡ್ ಕೆಲ್ವಿನ್ ಬಿಡಿಸಿದ ಒಗಟು

ಎರಡು ಕಚೇರಿಗಳ ನಡುವೆ ನೆಟ್‌ವರ್ಕ್ ನಿಧಾನವಾದಾಗ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: ಇನ್ನೂ ದೊಡ್ಡ ಪ್ಲಾನ್ ಹಾಕಿಸಿ. 1858ರಲ್ಲೂ ಹೀಗೇ ಆಗಿತ್ತು. ಸಂದೇಶ ನಿಧಾನವಾದರೆ ವಿದ್ಯುತ್ತಿನ ಒತ್ತಡ, ಅಂದರೆ ವೋಲ್ಟೇಜ್ ಏರಿಸಬೇಕು ಎಂದು ನಂಬಿದ್ದವರಿದ್ದರು. ಅದು ತಪ್ಪು ಎಂದು ಲೆಕ್ಕ ಹಾಕಿ ತೋರಿಸಿದವರು ವಿಲಿಯಂ ಥಾಮ್ಸನ್. ತಾಪಮಾನದ ಮಾನಕ್ಕೆ ಹೆಸರು ಕೊಟ್ಟ ಲಾರ್ಡ್ ಕೆಲ್ವಿನ್ ಇವರೇ.

ಗಣಿತದ ಮನೆಯ ಹುಡುಗ

ಥಾಮ್ಸನ್ ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ಅವರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದರಿಂದ ಕುಟುಂಬ ಅಲ್ಲಿಗೆ ಹೋಯಿತು. ಹದಿಹರೆಯದಲ್ಲೇ ಥಾಮ್ಸನ್, ಶಾಖ ಹೇಗೆ ಹರಡುತ್ತದೆ ಎಂಬುದರ ಬಗ್ಗೆ ಫ್ರಾನ್ಸಿನ ಫೋರಿಯೆ ಬರೆದಿದ್ದ ಗಣಿತವನ್ನು ಓದಿಕೊಂಡಿದ್ದರು. 1846ರಲ್ಲಿ, 22ನೇ ವಯಸ್ಸಿಗೆ, ಗ್ಲಾಸ್ಗೋದಲ್ಲೇ ಪ್ರಾಧ್ಯಾಪಕರಾದರು. ಆ ಹುದ್ದೆಯಲ್ಲಿ 53 ವರ್ಷ ಇದ್ದರು.

ಸಂದೇಶ ನಿಧಾನವಾಗುವುದೇಕೆ?

ಸಮುದ್ರದಡಿಯ ಕೇಬಲ್ಲಿನಲ್ಲಿ ನಡುವೆ ತಾಮ್ರದ ತಂತಿ, ಸುತ್ತ ಗಟ್ಟಾ ಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಹೊರಗೆ ಉಪ್ಪುನೀರು. ಈ ಮೂರೂ ಸೇರಿ ಒಂದು ಉದ್ದನೆಯ ಕೆಪಾಸಿಟರ್‌ನಂತೆ ವರ್ತಿಸುತ್ತವೆ. ಒಂದು ಮಿಡಿತ ಕಳಿಸಿದರೆ ಮೊದಲು ಕೇಬಲ್ ತುಂಬಿಕೊಳ್ಳಬೇಕು, ಆಮೇಲೆ ಖಾಲಿಯಾಗಬೇಕು. ಹಾಗಾಗಿ ಈ ತುದಿಯ ಚುರುಕು ಮಿಡಿತ ಆ ತುದಿ ಸೇರುವಷ್ಟರಲ್ಲಿ ಹರಡಿ ಮಸುಕಾಗಿರುತ್ತದೆ, ಹಿಂದಿನದರ ಜೊತೆ ಬೆರೆತುಹೋಗುತ್ತದೆ.

ಫೋರಿಯೆಯ ಶಾಖದ ಗಣಿತವನ್ನೇ ಥಾಮ್ಸನ್ ಇಲ್ಲಿ ಬಳಸಿದರು. 1855ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಅದೇ ಬಗೆಯ ಕೇಬಲ್ಲಿನ ಉದ್ದ ಎರಡು ಪಟ್ಟಾದರೆ ವಿಳಂಬ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ವೋಲ್ಟೇಜ್ ಏರಿಸಿದರೆ ಮಿಡಿತದ ಎತ್ತರ ಹೆಚ್ಚುತ್ತದೆಯೇ ಹೊರತು ಅದು ಹರಡುವ ರೀತಿ ಬದಲಾಗುವುದಿಲ್ಲ. ಇದಕ್ಕೆ ಅವರು ಸೂಚಿಸಿದ ಪರಿಹಾರ ದಪ್ಪನೆಯ ಶುದ್ಧ ತಾಮ್ರ, ದಪ್ಪ ಹೊದಿಕೆ ಮತ್ತು ಸೂಕ್ಷ್ಮ ಗ್ರಾಹಕ ಉಪಕರಣ.

ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿಯ ವಿದ್ಯುತ್ ವಿಭಾಗದ ಮುಖ್ಯಸ್ಥ, ವೃತ್ತಿಯಿಂದ ವೈದ್ಯರಾಗಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಕೇಬಲ್ ತೆಳುವಾದ ತಾಮ್ರದಲ್ಲೇ ತಯಾರಾಯಿತು.

98 ಪದ, 16 ಗಂಟೆ

1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆಂಷಿಯಾ ಮತ್ತು ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡ್ ನಡುವೆ ಕೇಬಲ್ ಜೋಡಣೆಯಾಯಿತು. ಅದನ್ನು ಎಳೆದ ಹಡಗಿನಲ್ಲಿ ಥಾಮ್ಸನ್ ಕೂಡ ಇದ್ದರು. ಆದರೆ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಬೇಕಾಯಿತು, ಅಂದರೆ ಪದವೊಂದಕ್ಕೆ ಹತ್ತಿರ ಹತ್ತಿರ 10 ನಿಮಿಷ! ವೈಟ್‌ಹೌಸ್ ಸುಮಾರು 2,000 ವೋಲ್ಟ್ ಕೊಟ್ಟು ನೋಡಿದರು. ತಯಾರಿಕೆಯಲ್ಲೇ ದೋಷಗಳಿದ್ದ ಕೇಬಲ್ಲಿಗೆ ಆ ಪೆಟ್ಟು ತಾಳಲಿಲ್ಲ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಅದು ಮೂಕವಾಯಿತು.

ಥಾಮ್ಸನ್ ತಯಾರಿಸಿದ್ದ ಕನ್ನಡಿ ಗ್ಯಾಲ್ವನೋಮೀಟರ್ ಇದಕ್ಕೆ ತದ್ವಿರುದ್ಧ. ಪುಟ್ಟ ಕನ್ನಡಿಯ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ರೇಷ್ಮೆ ಎಳೆಯಿಂದ ತಂತಿಸುರುಳಿಯ ನಡುವೆ ತೂಗುಬಿಡುವುದು. ಅತ್ಯಲ್ಪ ಕರೆಂಟ್ ಬಂದರೂ ಕನ್ನಡಿ ಅಲುಗಿ, ಅದರಿಂದ ಬೀಳುವ ಬೆಳಕಿನ ಚುಕ್ಕಿ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ಜೋರಾಗಿ ಕೂಗುವ ಬದಲು ಕಿವಿಗೊಟ್ಟು ಕೇಳುವ ಉಪಾಯ ಇದು.

1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹೊಸ ಕೇಬಲ್ ಎಳೆಯಿತು. ಅದರಲ್ಲಿ ತಾಮ್ರ ಹಿಂದಿನದಕ್ಕಿಂತ ಸುಮಾರು ಮೂರು ಪಟ್ಟು. ವೇಗ ನಿಮಿಷಕ್ಕೆ ಸುಮಾರು 8 ಪದಗಳಿಗೆ ಏರಿತು. ಅದೇ ವರ್ಷ ಥಾಮ್ಸನ್ ಅವರಿಗೆ ಸರ್ ಪದವಿ, 1892ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ಬಿರುದು ಸಿಕ್ಕವು. 1907ರ ಡಿಸೆಂಬರ್ 17ರಂದು ಅವರು ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಹತ್ತಿರವೇ ಅವರ ಸಮಾಧಿ ಇದೆ.

ಇಂದಿಗೂ ಇದು ಯಾಕೆ ಮುಖ್ಯ?

ಈಗಿನ ಆಪ್ಟಿಕಲ್ ಫೈಬರ್‌ಗೆ ಕೆಲ್ವಿನ್ ಅವರ ಆ ಸೂತ್ರ ಅನ್ವಯಿಸದು. ಆದರೆ ಅದರಲ್ಲೂ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಮಾತ್ರ ಸಾಗುತ್ತದೆ. 10,000 ಕಿ.ಮೀ. ದೂರದ ಕಚೇರಿಗೆ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕು. ಪ್ರತಿ ತುಣುಕು ಕಳಿಸಿದ ಮೇಲೂ ಉತ್ತರಕ್ಕಾಗಿ ಕಾಯುವ ತಂತ್ರಾಂಶವಾದರೆ, ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಈ ಕಾಯುವಿಕೆ ತಪ್ಪದು. ದುಡ್ಡು ಸುರಿಯುವ ಮೊದಲು ವಿಳಂಬ ಎಲ್ಲಿ ಆಗುತ್ತಿದೆ ಎಂದು ಅಳೆದು ನೋಡಿ.