ಬೆರಳಿಗೆ ಒಗ್ಗುವ ಪಿಯಾನೋ ಹುಡುಕಿದವನು

ಈಚೆಗೆ ಗೆಳೆಯರೊಬ್ಬರ ಒತ್ತಾಯಕ್ಕೆ ಮಣಿದು ಬೆಂಗಳೂರಿನ ಪಿಯಾನೋ ಮಳಿಗೆಯೊಂದಕ್ಕೆ ಹೋಗಿದ್ದೆ. ಅವರ ಮಗಳು ಹತ್ತು ವರ್ಷಗಳಿಂದ ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದಾಳೆ. ಗೋಡೆಗೆ ಆನಿಸಿಡುವ ಪಿಯಾನೋ ಇನ್ನು ಸಾಲದು, ಗ್ರ್ಯಾಂಡ್ ಪಿಯಾನೋ ಬೇಕು ಎಂದು ಆಕೆಯ ಗುರುಗಳು ಹೇಳಿದ್ದಾರಂತೆ. ನಾನು ಪಿಯಾನೋ ನುಡಿಸಬಲ್ಲವನಲ್ಲ. ಮೂವತ್ತು ವರ್ಷಗಳಿಂದ ಕೇಳುತ್ತಾ ಬಂದವನು, ಅಷ್ಟೆ. ಆದರೆ ಕೊಳ್ಳುವವರಿಗೆ ಧೈರ್ಯ ತುಂಬಲು ಪಕ್ಕದಲ್ಲೊಬ್ಬರು ಬೇಕಲ್ಲ!

ಅಂಗಡಿಯ ತರುಣ ಬಲು ಉತ್ಸಾಹದಿಂದ ಹೋಲಿಕೆ ಆರಂಭಿಸಿದ. ವಿಯೆನ್ನಾದ ಬೋಸೆನ್‌ಡಾರ್ಫರ್ 1828ರಷ್ಟು ಹಳೆಯದು. ಅದರ ಅತಿ ದೊಡ್ಡ ಮಾದರಿಯಲ್ಲಿ 88ರ ಬದಲು 97 ಕೀಲಿಗಳಿವೆ. 1853 ಎಂಬ ಒಂದೇ ವರ್ಷದಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಟೈನ್‌ವೇ, ಬರ್ಲಿನ್‌ನಲ್ಲಿ ಬೆಕ್‌ಸ್ಟೈನ್, ಲೈಪ್‌ಜಿಗ್‌ನಲ್ಲಿ ಬ್ಲೂತ್ನರ್ ಹುಟ್ಟಿದವು. ಬ್ಲೂತ್ನರ್‌ನಲ್ಲಿ ಮೇಲಿನ ಸ್ವರಗಳಿಗೆ ಮೂರರ ಜೊತೆ ನಾಲ್ಕನೆಯ ತಂತಿಯೂ ಉಂಟು. ಅದನ್ನು ಯಾರೂ ಬಡಿಯುವುದಿಲ್ಲ, ನಮ್ಮ ಸಿತಾರಿನ ತರಬ್ ತಂತಿಗಳಂತೆ ತಾನಾಗಿ ಮಿಡಿಯುತ್ತದೆ. ಇಟಲಿಯ ಫಾಜಿಯೋಲಿ 1981ರ ಕೂಸು. ಕಛೇರಿಗೆ ಬಳಸುವ ದೊಡ್ಡ ಪಿಯಾನೋ ಸುಮಾರು ಒಂಬತ್ತು ಅಡಿ ಉದ್ದ, ಅರ್ಧ ಟನ್ನಿನಷ್ಟು ತೂಕ; ಬೆಲೆ ಕೋಟಿ ರೂಪಾಯಿಗಳ ಲೆಕ್ಕ. ಗೆಳೆಯರು ಕೊಳ್ಳಬಹುದಾದದ್ದು ಅದಕ್ಕಿಂತ ಎಷ್ಟೋ ಸಣ್ಣದು. ಆದರೂ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ನನ್ನತ್ತ ತಿರುಗಿ, ಇವುಗಳಲ್ಲಿ ಶ್ರೇಷ್ಠ ಯಾವುದು ಎಂದು ಕೇಳಿದರು. ನನಗೆ ಆ ಕ್ಷಣ ನೆನಪಾದವನು ಕೆನಡಾದ ಗ್ಲೆನ್ ಗೂಲ್ಡ್.

ಗೂಲ್ಡ್ ಹುಟ್ಟಿದ್ದು 1932ರ ಸೆಪ್ಟೆಂಬರ್ 25ರಂದು, ಟೊರಾಂಟೋದಲ್ಲಿ. ತಂದೆ ತುಪ್ಪಳದ ಉಡುಪುಗಳ ವ್ಯಾಪಾರಿ. ತಾಯಿಯೇ ಮೊದಲ ಸಂಗೀತ ಗುರು. ಅನಂತರ ಸುಮಾರು ಒಂಬತ್ತು ವರ್ಷ ಪಾಠ ಹೇಳಿದವರು ಚಿಲಿ ಮೂಲದ ಆಲ್ಬರ್ಟೋ ಗೆರೆರೋ. ತಗ್ಗಿನ ಆಸನದಲ್ಲಿ ಕುಳಿತು, ತೋಳಿನ ಭಾರ ಹಾಕದೆ ಬೆರಳುಗಳಿಂದಷ್ಟೇ ನುಡಿಸುವ ಕ್ರಮ ಶಿಷ್ಯನಿಗೆ ಗುರುವಿನಿಂದ ಬಂದ ಬಳುವಳಿ. ತಂದೆ ಒಂದು ಮಡಿಸುವ ಕುರ್ಚಿಯ ಕಾಲುಗಳನ್ನು ಕತ್ತರಿಸಿ, ನೆಲದಿಂದ ಕೇವಲ 14 ಅಂಗುಲ ಎತ್ತರದ ಆಸನ ಮಾಡಿಕೊಟ್ಟರು. ಮುಂದೆ ಲೋಕದ ಯಾವ ಮೂಲೆಗೆ ಹೋದರೂ ಗೂಲ್ಡ್ ಆ ಕುರ್ಚಿಯನ್ನು ಹೊತ್ತೊಯ್ದ. ಮೆತ್ತೆ ಹರಿದು ಬರೀ ಚೌಕಟ್ಟು ಉಳಿದಾಗಲೂ ಬೇರೆ ಆಸನ ಮುಟ್ಟಲಿಲ್ಲ.

1955ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನುಡಿಸಿದ ಬೆನ್ನಲ್ಲೇ ಕೊಲಂಬಿಯಾ ರೆಕಾರ್ಡ್ ಕಂಪೆನಿ ಆತನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ಜೂನ್‌ನಲ್ಲಿ, ಇನ್ನೂ 22ರ ಹರೆಯದಲ್ಲಿ, ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಧ್ವನಿಮುದ್ರಿಸಿದ. ಪಂಡಿತರ ಸೊತ್ತಾಗಿದ್ದ ಕೃತಿಯೊಂದು ಮನೆಮನೆಗೆ ತಲುಪಿತು, ಆತ ಜಗತ್ಪ್ರಸಿದ್ಧನಾದ. 1957ರಲ್ಲಿ ಸೋವಿಯತ್ ಒಕ್ಕೂಟದಲ್ಲಿಯೂ ನುಡಿಸಿ ಬಂದ. ಬಿಸಿಲಲ್ಲೂ ಕೈಗವಸು, ಕಛೇರಿಗೆ ಮುನ್ನ ಬಿಸಿನೀರಿನಲ್ಲಿ ಅದ್ದಿದ ಕೈಗಳು, ನುಡಿಸುವಾಗ ಬಾಯಲ್ಲಿ ಗುನುಗು: ಪತ್ರಿಕೆಗಳಿಗೆ ಬರೆಯಲು ಬೇಕಾದಷ್ಟು ಸಾಮಗ್ರಿ ಇತ್ತು. ಆದರೆ ಈ ವಿಚಿತ್ರಗಳ ಗದ್ದಲದಲ್ಲಿ ಜನ ಗಮನಿಸದೆ ಹೋದ ಸಂಗತಿಯೊಂದಿದೆ. ಗೂಲ್ಡ್ ತನ್ನ ಬದುಕಿನ ದೊಡ್ಡ ಭಾಗವನ್ನು ಒಂದು ಪಿಯಾನೋ ಹುಡುಕುವುದರಲ್ಲಿ ಕಳೆದ.

ವೀಣೆ ನುಡಿಸುವವರ ಬೆರಳು ತಂತಿಯ ಮೇಲೆಯೇ ಇರುತ್ತದೆ. ಪಿಯಾನೋದಲ್ಲಿ ಹಾಗಲ್ಲ. ಬೆರಳು ಒತ್ತುವುದು ಕೀಲಿಯನ್ನು. ಕೀಲಿ ಸನ್ನೆಗಳ ಸಾಲೊಂದನ್ನು ಎತ್ತುತ್ತದೆ. ಅವು ಉಣ್ಣೆಯ ಮೆತ್ತೆ ಸುತ್ತಿದ ಸುತ್ತಿಗೆಯನ್ನು ತಂತಿಯತ್ತ ಚಿಮ್ಮುತ್ತವೆ. ತಂತಿಗೆ ತಗಲುವ ಮುನ್ನವೇ ಸುತ್ತಿಗೆ ಬೆರಳಿನ ಹಿಡಿತದಿಂದ ಪಾರಾಗಿರುತ್ತದೆ. ಕೀಲಿ ಕೆಳಗಿಳಿಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ವಾದಕ ಹೇಳಬೇಕಾದ್ದೆಲ್ಲವನ್ನೂ ಆ ಒಂದು ಸೆಂಟಿಮೀಟರಿನೊಳಗೆ ಹೇಳಿ ಮುಗಿಸಬೇಕು. ಆದ್ದರಿಂದಲೇ ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ಪಿಯಾನೋಗಳು ಕೈಗೆ ಬೇರೆ ಬೇರೆಯಾಗಿ ತೋರುತ್ತವೆ. ಮರ, ಉಣ್ಣೆ, ಚರ್ಮಗಳಿಗೆ ತಮ್ಮದೇ ಸ್ವಭಾವವಿರುತ್ತದೆ.

ದೊಡ್ಡ ಸಭಾಂಗಣಗಳಿಗಾಗಿ ತಯಾರಾದ ಪಿಯಾನೋಗಳ ಗುಂಭವಾದ, ಭಾರವಾದ ನಾದ ಗೂಲ್ಡ್‌ಗೆ ಬೇಕಿರಲಿಲ್ಲ. ಬಾಖ್‌ನಲ್ಲಿ ಮೂರು ನಾಲ್ಕು ದನಿಗಳು ಏಕಕಾಲಕ್ಕೆ ಮಾತನಾಡುತ್ತವೆ. ಅವು ಒಂದರೊಳಗೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳಬೇಕು. ಅದಕ್ಕೆ ಹಗುರಾದ, ಚುರುಕಾದ, ಒಣ ನಾದದ ವಾದ್ಯ ಬೇಕು. ಬಾಸ್ಟನ್‌ನ ಚಿಕರಿಂಗ್ ಕಂಪೆನಿಯ, ಹಿಂದಿನ ಶತಮಾನದ ಕೊನೆಯಲ್ಲಿ ತಯಾರಾದ ಸಣ್ಣ ಗ್ರ್ಯಾಂಡ್ ಪಿಯಾನೋವೊಂದು ಆತನ ಬಳಿ ಇತ್ತು. ಅದರ ಕೀಲಿಗಳು ಹಾರ್ಪ್ಸಿಕಾರ್ಡ್‌ನಷ್ಟು ಸೂಕ್ಷ್ಮ. ಆದರೆ ಮನೆಯ ವಾದ್ಯ ಕಛೇರಿಗೆ ಸಾಲದು. ಸ್ಟೈನ್‌ವೇಯ ದೇಹದಲ್ಲಿ ಚಿಕರಿಂಗ್‌ನ ಜೀವ ಬೇಕೆಂಬುದು ಆತನ ಹಂಬಲ. ನ್ಯೂಯಾರ್ಕ್‌ನ 57ನೆಯ ಬೀದಿಯಲ್ಲಿದ್ದ ಸ್ಟೈನ್‌ವೇ ಹಾಲ್‌ನ ನೆಲಮಾಳಿಗೆಯಲ್ಲಿ ಕಲಾವಿದರಿಗೆಂದೇ ಸಾಲುಸಾಲು ಪಿಯಾನೋಗಳಿರುತ್ತಿದ್ದವು. ಬೇರೆಯವರು ಅವುಗಳಲ್ಲೊಂದನ್ನು ಆರಿಸಿ ಕಛೇರಿಗೆ ಹೊರಡುತ್ತಿದ್ದರು. ಗೂಲ್ಡ್ ಒಂದೊಂದನ್ನೂ ನುಡಿಸಿ ನೋಡಿದ, ಯಾವುದೂ ಒಗ್ಗಲಿಲ್ಲ.

ಬೇಕಾದದ್ದು ಸಿಕ್ಕಿದ್ದು 1960ರಲ್ಲಿ, ಹುಟ್ಟೂರಿನಲ್ಲೇ. ಟೊರಾಂಟೋದ ಈಟನ್ ಎಂಬ ದೊಡ್ಡ ಅಂಗಡಿಯ ಮಹಡಿಯಲ್ಲಿ ಸಭಾಂಗಣವೊಂದಿತ್ತು. 1945ರಲ್ಲಿ ಬಾಲಕ ಗೂಲ್ಡ್ ಆರ್ಗನ್ ನುಡಿಸಿ ಮೆಚ್ಚುಗೆ ಗಳಿಸಿದ್ದು ಅಲ್ಲಿಯೇ. ಬಂದುಹೋಗುವ ಕಲಾವಿದರ ಕೈಗೆ ಸಿಕ್ಕು ಸವೆದಿದ್ದ ಸ್ಟೈನ್‌ವೇಯೊಂದು ಅಲ್ಲಿತ್ತು. ಅದರ ಗುರುತು ಸಿಡಿ 318. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕಾರ್ಖಾನೆ ಸೈನ್ಯಕ್ಕಾಗಿ ಗ್ಲೈಡರ್ ವಿಮಾನಗಳ ಭಾಗಗಳನ್ನು ತಯಾರಿಸುತ್ತಿದ್ದ ದಿನಗಳಲ್ಲಿ ಅದರ ಕೆಲಸ ಶುರುವಾಗಿತ್ತು. ಹೊಳಪಾಗಲಿ ಗಾಂಭೀರ್ಯವಾಗಲಿ ಅದಕ್ಕಿರಲಿಲ್ಲ. ಆದರೆ ಗೂಲ್ಡ್‌ನ ಬೆರಳಿಗೆ ಬೇಕಾಗಿದ್ದುದು ಅದರಲ್ಲಿತ್ತು.

ಇನ್ನೊಬ್ಬ ವ್ಯಕ್ತಿಯನ್ನು ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. ಆತ ಶ್ರುತಿಗಾರ ವರ್ನ್ ಎಡ್‌ಕ್ವಿಸ್ಟ್. ಸಸ್ಕಾಚೆವಾನ್ ಪ್ರಾಂತದ ಬಡ ಕುಟುಂಬದಲ್ಲಿ ಹುಟ್ಟಿದ, ಹೆಚ್ಚುಕಡಿಮೆ ಕುರುಡನಾಗಿದ್ದ ಈತ ಅಂಧರ ಶಾಲೆಯಲ್ಲಿ ಪಿಯಾನೋ ಶ್ರುತಿ ಮಾಡುವ ವಿದ್ಯೆ ಕಲಿತವನು. ಗೂಲ್ಡ್‌ನ ಮನೆಗೆ ಮೊದಲ ಸಲ ಬಂದಾಗ, ಚಿಕರಿಂಗ್‌ನ ಬಿರಟೆಗಳು ಸಡಿಲಗೊಂಡಿವೆ, ದುರಸ್ತಿಯಾಗದೆ ಶ್ರುತಿ ನಿಲ್ಲದು ಎಂದು ಆ ಕೆಲಸವನ್ನೇ ನಿರಾಕರಿಸಿದ. ಪ್ರಸಿದ್ಧನ ಎದುರು ಇಲ್ಲವೆನ್ನಬಲ್ಲ ಈ ಮನುಷ್ಯ ಗೂಲ್ಡ್‌ಗೆ ಹಿಡಿಸಿದ. ಮುಂದೆ ವರ್ಷಗಟ್ಟಲೆ ಇಬ್ಬರೂ ಸೇರಿ 318ನ್ನು ಹದಗೊಳಿಸಿದರು: ಸುತ್ತಿಗೆಗಳನ್ನು ತಂತಿಯ ಹತ್ತಿರಕ್ಕೆ ತಂದರು, ಕೀಲಿಗಳ ಭಾರ ಇಳಿಸಿದರು. ಅತಿಯಾಗಿ ತಿದ್ದಿದ್ದರಿಂದ ನಡುವಿನ ಕೆಲವು ಸ್ವರಗಳು ಬಿಕ್ಕಳಿಸತೊಡಗಿದ್ದೂ ಉಂಟು. 1963–64ರಲ್ಲಿ ಧ್ವನಿಮುದ್ರಿಸಿದ ಬಾಖ್‌ನ ಇನ್ವೆನ್ಷನ್‌ಗಳಲ್ಲಿ ಆ ಬಿಕ್ಕಳಿಕೆ ಕೇಳಿಸುತ್ತದೆ. ಗೂಲ್ಡ್ ಅದನ್ನು ಮುಚ್ಚಿಡದೆ, ರೆಕಾರ್ಡಿನ ಹೊದಿಕೆಯ ಮೇಲೆಯೇ ವಿವರಣೆ ಬರೆದ. ಗುಣಕ್ಕಾಗಿ ದೋಷವನ್ನೂ ಒಪ್ಪಿಕೊಂಡ ಪ್ರೀತಿ ಅದು.

1964ರ ಏಪ್ರಿಲ್ 10ರಂದು ಲಾಸ್ ಏಂಜಲೀಸ್‌ನಲ್ಲಿ ನುಡಿಸಿದ್ದೇ ಆತನ ಕೊನೆಯ ಕಛೇರಿ. ಆಗ ವಯಸ್ಸು 31. ಊರೂರಿಗೆ ಹೋಗಿ ಅಪರಿಚಿತ ಪಿಯಾನೋಗಳ ಮುಂದೆ ಕೂರುವ ಸಂಕಟವೂ ಆ ನಿರ್ಧಾರದ ಹಿಂದಿತ್ತೆಂದು ನಾನು ನಂಬುತ್ತೇನೆ. ಅಲ್ಲಿಂದ ಮುಂದೆ ಸ್ಟುಡಿಯೋವೇ ಆತನ ವೇದಿಕೆ, 318 ಆತನ ದನಿ. 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಚಿನ್ನದ ತಟ್ಟೆಯಲ್ಲಿ ಗೂಲ್ಡ್ ನುಡಿಸಿದ ಬಾಖ್ ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಗೇ ಸೇರಿದ ಕೇಸರಬಾಯಿಯವರೂ 1960ರ ದಶಕದಲ್ಲಿಯೇ ಕಛೇರಿಗಳಿಂದ ಹಿಂದೆ ಸರಿದವರು. ಸಭೆಯನ್ನು ಬಿಟ್ಟುಬಂದ ಇಬ್ಬರ ಸಂಗೀತ ಇಂದು ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಸಾಗುತ್ತಿದೆ.

318ರ ಕಥೆ ಮಾತ್ರ ಸುಖಾಂತವಲ್ಲ. 1971ರಲ್ಲಿ ಕ್ಲೀವ್‌ಲ್ಯಾಂಡ್‌ನ ವಾದ್ಯವೃಂದದೊಡನೆ ನಡೆಯಬೇಕಿದ್ದ ಧ್ವನಿಮುದ್ರಣ ರದ್ದಾಯಿತು. ಅಲ್ಲಿಗೆ ಹೋಗಿದ್ದ ಪಿಯಾನೋ ಹಿಂದಿರುಗಿದಾಗ ಅದರ ಎರಕದ ಕಬ್ಬಿಣದ ಚೌಕಟ್ಟೇ ಸೀಳಿತ್ತು. ಸಾಗಣೆಯಲ್ಲಿ ಎಲ್ಲಿಯೋ ಬಿದ್ದಿತ್ತು. ಇಪ್ಪತ್ತು ಟನ್ನಿನಷ್ಟು ತಂತಿಗಳ ಸೆಳೆತವನ್ನು ಹೊರುವುದು ಆ ಚೌಕಟ್ಟು. ನ್ಯೂಯಾರ್ಕ್‌ನ ಕಾರ್ಖಾನೆಯಲ್ಲಿ ಹೊಸ ಚೌಕಟ್ಟು ಕೂರಿಸಿ ಕಳುಹಿಸಿದರು. ನೋಡಲು ಅದೇ ಪಿಯಾನೋ. ಹಳೆಯ ಸ್ಪರ್ಶ ಮಾತ್ರ ಮರಳಲಿಲ್ಲ. ಆದರೂ ಗೂಲ್ಡ್ ಅದನ್ನು 1973ರಲ್ಲಿ ಹಣ ತೆತ್ತು ಕೊಂಡ. ಒಮ್ಮೆ ಇದ್ದುದು ಮತ್ತೆ ಬಂದೀತೆಂಬ ಆಸೆಯಲ್ಲಿ ವರ್ಷಾನುಗಟ್ಟಲೆ ತಿದ್ದಿಸುತ್ತಲೇ ಇದ್ದ.

ಈ ಭಾಗ ಓದಿದಾಗಲೆಲ್ಲ ನನಗೆ ನನ್ನ ತಾಯಿ ನೆನಪಾಗುತ್ತಾರೆ. ಅವರ ಬಳಿ ಹಲಸಿನ ಮರದ ಮೈಸೂರು ವೀಣೆಯೊಂದಿತ್ತು. ತಂದೆಯವರಿಗೆ ಶಿವಮೊಗ್ಗಕ್ಕೆ ವರ್ಗವಾದಾಗ ಮನೆಯ ಸಾಮಾನಿನೊಡನೆ ಅದೂ ಲಾರಿ ಏರಿತು. ಇಳಿಸಿದಾಗ ಕೊಡ ಬಿರುಕು ಬಿಟ್ಟಿತ್ತು. ತಂದೆ ಸಾಲ ಮಾಡಿ ಹೊಸ ವೀಣೆ ತಂದರು. ನಾದದಲ್ಲಿ ಅದು ಹಳೆಯದಕ್ಕಿಂತ ಮಿಗಿಲೆಂದು ಬಲ್ಲವರು ಹೇಳಿದರು. ತಾಯಿ ಒಂದು ಮಾತೂ ಆಡಲಿಲ್ಲ. ಹಬ್ಬ ಹರಿದಿನಗಳಲ್ಲಿ ನುಡಿಸಿದರು, ಬರಬರುತ್ತ ಅದೂ ನಿಂತಿತು. ಮೊಂಡುತನವೆಂದು ನಾವು ಮಕ್ಕಳು ತಿಳಿದಿದ್ದೆವು. ಅದು ಮೊಂಡುತನವಾಗಿರಲಿಲ್ಲ ಎಂದು ನನಗೆ ಅರ್ಥವಾದದ್ದು ಅವರು ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಗೂಲ್ಡ್‌ನ ಕಥೆ ಓದುವಾಗ.

ಆದರೆ ಗೂಲ್ಡ್ ಕೊನೆಗೂ ಹಳೆಯದನ್ನು ಬಿಟ್ಟುಕೊಡುವ ಧೈರ್ಯ ತೋರಿದ. ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ ಅನ್ನು ಮತ್ತೊಮ್ಮೆ ಧ್ವನಿಮುದ್ರಿಸಲು ಹೊರಟಾಗ ಮತ್ತೆ ಹುಡುಕಾಟ ಶುರುವಾಯಿತು. ನ್ಯೂಯಾರ್ಕ್‌ನ ಮಳಿಗೆಯೊಂದರಲ್ಲಿ ಆತ ಆರಿಸಿದ್ದು ಜಪಾನಿನ ಯಮಹಾ. ನಮ್ಮಲ್ಲಿ ಮೋಟಾರ್ ಬೈಕಿನಿಂದ ಹೆಸರಾದ ಈ ಕಂಪೆನಿ 1887ರಲ್ಲಿ ಹುಟ್ಟಿದ್ದು ವಾದ್ಯಗಳಿಗಾಗಿಯೇ. ಅದರ ಲಾಂಛನದಲ್ಲಿ ಇಂದಿಗೂ ಮೂರು ಶ್ರುತಿಕವಲುಗಳಿವೆ. ಸ್ಟೈನ್‌ವೇಯಷ್ಟು ದೊಡ್ಡ ಹೆಸರು ಅದಕ್ಕೆ ಅಂದು ಇರಲಿಲ್ಲ. ಆತ ನೋಡಿದ್ದು ಹೆಸರನ್ನಲ್ಲ. 1981ರ ವಸಂತದಲ್ಲಿ, 26 ವರ್ಷಗಳ ಹಿಂದಿನ ಅದೇ ಸ್ಟುಡಿಯೋದಲ್ಲಿ, ಅದೇ ಕುರ್ಚಿಯ ಮೇಲೆ ಕುಳಿತು ಅದೇ ಕೃತಿಯನ್ನು ನುಡಿಸಿದ. ತಾರುಣ್ಯದಲ್ಲಿ 38 ನಿಮಿಷಗಳಲ್ಲಿ ಓಡಿ ಮುಗಿಸಿದ್ದಕ್ಕೆ ಈಗ 51 ನಿಮಿಷ ಬೇಕಾಯಿತು. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಒಂದು ಆಯುಷ್ಯ ಹೇಗೆ ಮಾಗುತ್ತದೆಂಬುದು ತಿಳಿಯುತ್ತದೆ.

ಆ ರೆಕಾರ್ಡ್ 1982ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಅದೇ ತಿಂಗಳ 27ರಂದು ಗೂಲ್ಡ್‌ಗೆ ಪಾರ್ಶ್ವವಾಯು ಬಡಿಯಿತು. ಅಕ್ಟೋಬರ್ 4ರಂದು ಆತ ತೀರಿಕೊಂಡ. ಆಗಷ್ಟೇ ಐವತ್ತು ತುಂಬಿತ್ತು. ಆಸ್ತಿಯನ್ನು ಸಾಲ್ವೇಷನ್ ಆರ್ಮಿಗೂ ಟೊರಾಂಟೋದ ಪ್ರಾಣಿದಯಾ ಸಂಘಕ್ಕೂ ಬರೆದಿಟ್ಟಿದ್ದ. 318 ಒಟ್ಟಾವಾ ನಗರ ಸೇರಿತು. ಎಡ್‌ಕ್ವಿಸ್ಟ್ 2020ರವರೆಗೂ ಬದುಕಿದ್ದ.

ಮಳಿಗೆಯಲ್ಲಿ ಇಷ್ಟೆಲ್ಲ ಹೇಳುವ ವ್ಯವಧಾನವಿರಲಿಲ್ಲ. ಶ್ರೇಷ್ಠ ಯಾವುದೆಂದು ನನ್ನನ್ನಾಗಲಿ ಅಂಗಡಿಯವರನ್ನಾಗಲಿ ಕೇಳಬೇಡಿ, ಮಗಳನ್ನು ಒಂದೊಂದರ ಮುಂದೆಯೂ ಅರ್ಧ ಗಂಟೆ ಕೂರಿಸಿ ಎಂದಷ್ಟೇ ಗೆಳೆಯರಿಗೆ ಹೇಳಿದೆ. ನಾವಿಬ್ಬರೂ ಹೊರಗೆ ಕಾಫಿ ಕುಡಿಯಲು ಹೋದೆವು. ಮರಳಿ ಬಂದಾಗ ಹುಡುಗಿ ಇನ್ನೂ ಮೊದಲನೆಯದರ ಮುಂದೆಯೇ ಕುಳಿತಿದ್ದಳು. ಒಂದೇ ಸ್ವರವನ್ನು ಮೆಲ್ಲಗೆ, ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದಳು. ಅಂದು ನಾವು ಏನನ್ನೂ ಕೊಳ್ಳಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಲಿದ್ದೇವೆ.