ಭಾಸ್ಕರಾಚಾರ್ಯರು ಮತ್ತು ಗೋಲದ ಲೆಕ್ಕ

ಸೇವುಣ ದೊರೆ ಐದನೆಯ ಭಿಲ್ಲಮನು ಗದುಗಿನ ತ್ರಿಕೂಟೇಶ್ವರನಿಗೆ ದತ್ತಿಯಿತ್ತ ಶಾಸನ 1191ನೆಯ ಇಸವಿಯದು. ಅವನ ಮಗ ಜೈತ್ರಪಾಲನು ಖಾನದೇಶದ ಪಾಟಣದಿಂದ ಲಕ್ಷ್ಮೀಧರನೆಂಬ ಪಂಡಿತನನ್ನು ಆಸ್ಥಾನಕ್ಕೆ ಕರೆಸಿಕೊಂಡನು. ಆ ಲಕ್ಷ್ಮೀಧರನ ತಂದೆಯೇ ಭಾಸ್ಕರಾಚಾರ್ಯರು.

ಆಚಾರ್ಯರು ಜನಿಸಿದುದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಅವರೇ ತಿಳಿಸಿದ್ದಾರೆ. ಅದು ಇಂದಿನ ವಿಜಯಪುರವೆಂದು ಕನ್ನಡಿಗರು ಅಭಿಮಾನದಿಂದ ಹೇಳುವರು. ಪಾಟಣದ ಆಸುಪಾಸಿನದೆಂಬ ವಿದ್ವಾಂಸರೂ ಉಂಟು. ತಂದೆ ಮಹೇಶ್ವರರೇ ಅವರಿಗೆ ಗುರುಗಳು. 36ನೆಯ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದರು. ಮಗಳು ಲೀಲಾವತಿಯ ಮುಹೂರ್ತ ತಪ್ಪಿದ ಕಥೆ 1587ರ ಫೈಜಿಯ ಪಾರಸಿ ಅನುವಾದದಲ್ಲಿ ಬರುವಂಥದು. ಆಚಾರ್ಯರ ಹಿರಿಮೆಗೆ ಅದರ ಆಸರೆ ಬೇಕಿಲ್ಲ.

ಪೂರ್ವಾಚಾರ್ಯ ಲಲ್ಲನಲ್ಲಿ ಅವರಿಗೆ ಅಪಾರ ಗೌರವ. ಅವನ ಗ್ರಂಥಕ್ಕೆ ವ್ಯಾಖ್ಯಾನವನ್ನೇ ಬರೆದವರು. ಆದರೆ ಗೋಲದ ಮೇಲ್ಮೈಯನ್ನು ತಿಳಿಯಲು ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಬೇಕೆಂದು ಲಲ್ಲನು ವಿಧಿಸಿದ್ದನು. ವ್ಯಾಸ 7, ಪರಿಧಿ 22 ಎಂದುಕೊಂಡರೆ ಅದು 847 ಆಗುತ್ತದೆ. ನಿಜವಾದ ಉತ್ತರ 154 ಮಾತ್ರ. ಹಿರಿಯರ ಮಾತೆಂದು ಭಾಸ್ಕರರು ಸುಮ್ಮನಿರಲಿಲ್ಲ. ತಪ್ಪನ್ನು ತಪ್ಪೆಂದು ಬರೆದರು, ಬರೆದುದಕ್ಕೆ ಉಪಪತ್ತಿಯನ್ನೂ ಕೊಟ್ಟರು.

ಆ ಉಪಪತ್ತಿ ಅವರ ವಾಸನಾಭಾಷ್ಯದಲ್ಲಿದೆ. ನೆಲ್ಲಿಕಾಯಿಯ ಗೆರೆಗಳಂತೆ ಗೋಲವನ್ನು ತುದಿಯಿಂದ ತುದಿಗೆ 96 ಹೋಳುಗಳಾಗಿ ಗುರುತಿಸಬೇಕು. ನಡುವಿನಲ್ಲಿ ಪ್ರತಿ ಹೋಳಿನ ಅಗಲ 1. ಅರ್ಧ ಹೋಳನ್ನು ಮತ್ತೆ 24 ತುಂಡು ಮಾಡಿದರೆ ಅವುಗಳ ಅಗಲ ಜ್ಯಾಗಳ ಪ್ರಮಾಣದಲ್ಲಿ ಏರುತ್ತದೆ. 24 ಜ್ಯಾಗಳ ಮೊತ್ತದಿಂದ ತ್ರಿಜ್ಯದ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸಿದರೆ ಒಂದು ಹೋಳಿನ ಫಲ ಮೂವತ್ತೂವರೆಗೆ ತುಸು ಮೇಲೆ ಬರುತ್ತದೆ. 96 ಪರಿಧಿಯ ಗೋಲದ ವ್ಯಾಸವೂ ಅಷ್ಟೇ! ಆದ್ದರಿಂದ ಮೇಲ್ಮೈಯೆಂದರೆ ಪರಿಧಿ ಮತ್ತು ವ್ಯಾಸಗಳ ಗುಣಲಬ್ಧ. ಘನಫಲಕ್ಕಾಗಿ, ಕೇಂದ್ರದಲ್ಲಿ ಮೊನೆ ಕೂಡುವ ಸೂಜಿಯಾಕಾರದ ತುಂಡುಗಳಾಗಿ ಗೋಲವನ್ನು ಭಾವಿಸಿ, ಮೇಲ್ಮೈಯನ್ನು ವ್ಯಾಸದ ಆರನೆಯ ಒಂದು ಭಾಗದಿಂದ ಗುಣಿಸಿದರು.

ಸಣ್ಣದಾಗಿ ಸೀಳಿ ಕೂಡಿಸುವ ಈ ಕ್ರಮವೇ ಇಂದಿನ ತರಗತಿಗಳಲ್ಲಿ ಕಲಿಸುವ ನಿಶ್ಚಿತ ಅನುಕಲನದ ಬೀಜ. ಬೀಜವೆಂದರೆ ಬೀಜವೇ: ತುಂಡುಗಳನ್ನು ಅನಂತವಾಗಿ ಕಿರಿದುಗೊಳಿಸುವ ಸೀಮೆಯ ಕಲ್ಪನೆಯಾಗಲಿ, ಅನಿಶ್ಚಿತ ಅನುಕಲನವಾಗಲಿ ಅಲ್ಲಿಲ್ಲ. ಸಾರ್ವತ್ರಿಕ ವಿಧಾನಕ್ಕೆ 17ನೆಯ ಶತಮಾನದ ನ್ಯೂಟನ್, ಲೈಬ್ನಿಟ್ಸರವರೆಗೆ ಕಾಯಬೇಕಾಯಿತು.

1183ರಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ, ಆಚಾರ್ಯರು ಕರಣಕುತೂಹಲವನ್ನು ಬರೆದರು. ಲಕ್ಷ್ಮೀಧರನ ಮಗ ಚಂಗದೇವನು ಸೇವುಣ ಸಿಂಘಣನ ಜ್ಯೋತಿಷಿಯಾದನು. ಅಜ್ಜನ ಗ್ರಂಥಗಳ ಪಾಠ ನಡೆಯಲೆಂದು ಅವನು ಪಾಟಣದಲ್ಲಿ ಒಂದು ಮಠವನ್ನು ಕಟ್ಟಿಸಿದನು. 1207ರಲ್ಲಿ ನಿಕುಂಭ ವಂಶದ ಸೋಯಿದೇವನು ಅದಕ್ಕೆ ದತ್ತಿ ಬಿಟ್ಟನು.